ತೊಗಲಿನ ಹದ

2025ರ ಜೂನ್ ತಿಂಗಳ ಕೊನೆ. ಮಧ್ಯಾಹ್ನದ ಬಿಡುವಿನಲ್ಲಿ ನಾವು ನಾಲ್ಕೈದು ಜನ ಶಿಕ್ಷಕಿಯರು ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಒಬ್ಬರು ಪತ್ರಿಕೆ ಹಿಡಿದುಕೊಂಡೇ ಉಣ್ಣುವವರು. ಇದ್ದಕ್ಕಿದ್ದಂತೆ "ನೋಡ್ರೀ ಇಲ್ಲಿ, ನಮ್ಮ ಚಪ್ಪಲಿ ಇಟಲಿಗೆ ಹೋಗ್ಯಾವ!" ಎಂದರು. ಮಿಲಾನ್ ನಗರದ ಫ್ಯಾಷನ್ ಮೇಳದಲ್ಲಿ ಪ್ರಾಡಾ ಎಂಬ ದೊಡ್ಡ ಕಂಪನಿ ನಮ್ಮ ಕೊಲ್ಹಾಪುರಿ ಚಪ್ಪಲಿಯಂಥವನ್ನೇ ತನ್ನದೆಂಬಂತೆ ತೋರಿಸಿತ್ತು. ಬೆಲೆ ಲಕ್ಷ ರೂಪಾಯಿಗೂ ಹೆಚ್ಚು ಎಂದು ಪತ್ರಿಕೆಗಳು ಬರೆದಿದ್ದವು. ಗಲಾಟೆಯಾದ ಮೇಲೆ ಆ ವಿನ್ಯಾಸ ಭಾರತದ ಕಸುಬುದಾರರಿಂದ ಬಂದದ್ದು ಎಂದು ಕಂಪನಿ ಒಪ್ಪಿಕೊಂಡಿತು.

"ನಮ್ಮದನ್ನ ಕದ್ದಾರ ನೋಡ್ರಿ" ಎಂದು ಎಲ್ಲರಿಗೂ ಸಿಟ್ಟು ಬಂತು. ನನಗೂ ಬಂತು. ಆದರೆ ಆ 'ನಮ್ಮ' ಎಂಬ ಮಾತು ನನ್ನ ಗಂಟಲಲ್ಲಿ ರೊಟ್ಟಿಯ ತುಣುಕಿನ ಹಾಗೆ ಸಿಕ್ಕಿಕೊಂಡಿತು. ಚಪ್ಪಲಿ ನಮ್ಮದು. ಅದರ ತೊಗಲನ್ನು ಹದ ಮಾಡಿದವರು ಯಾವಾಗ 'ನಮ್ಮವರು' ಆಗಿದ್ದರು? ಕೇಳಬೇಕೆನಿಸಿತು, ಕೇಳಲಿಲ್ಲ. ಏಕೆಂದರೆ ಅಲ್ಲಿ ಕೂತಿದ್ದವರಲ್ಲಿ ತೊಗಲು ಹದ ಮಾಡಿದ ಮನೆಯಲ್ಲಿ ಹುಟ್ಟಿದವಳು ನಾನೊಬ್ಬಳೇ. ಅದು ಅವರಾರಿಗೂ ಗೊತ್ತಿರಲಿಲ್ಲ.

ಗೊತ್ತಾಗದ ಹಾಗೆ ನಾನೇ ನೋಡಿಕೊಂಡಿದ್ದೆ. ಬಿ.ಎ., ಬಿ.ಎಡ್. ಮುಗಿಸಿ ನೌಕರಿ ಸಿಕ್ಕ ಹೊಸದರಲ್ಲಿ ಒಂದು ಊರಿನಲ್ಲಿ ಬಾಡಿಗೆ ಮನೆ ಕೇಳಲು ಹೋಗಿದ್ದೆ. ಮನೆಯೊಡತಿ ಚಹಾ ಕೊಡುವ ಮೊದಲು "ನಿಮ್ಮದು ಏನು ಕಸುಬು, ನಿಮ್ಮವರು ಯಾರ ಪೈಕಿ?" ಎಂದು ಕೇಳಿದರು. "ಒಕ್ಕಲುತನ ರೀ" ಎಂದೆ. ಮನೆ ಸಿಕ್ಕಿತು, ಚಹಾನೂ ಸಿಕ್ಕಿತು. ಅಂದು ಹೇಳಿದ ಆ ಒಂದು ಮಾತನ್ನು ಮೂವತ್ತು ವರ್ಷ ಕಾಯ್ದುಕೊಂಡು ಬರಬೇಕಾಯಿತು. ಸುಳ್ಳಿಗೂ ನೀರೆರೆಯಬೇಕಲ್ಲ!

ನಮ್ಮ ಮನೆ ಇದ್ದದ್ದು ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ, ಊರು ಮುಗಿದ ಮೇಲೆ ಶುರುವಾಗುವ ಕೇರಿಯಲ್ಲಿ. ನಾನು ಏಳೆಂಟು ವರ್ಷದವಳಿದ್ದಾಗ, ಎಂದರೆ ಎಪ್ಪತ್ತರ ದಶಕದ ಕೊನೆಗೆ, ಹಿತ್ತಲಲ್ಲಿ ಅಜ್ಜಿಯ ಸುಣ್ಣದ ಗುಂಡಿ ಇನ್ನೂ ಇತ್ತು. ಬೇವಿನ ಗಿಡದ ಕೆಳಗೆ ಅರ್ಧ ಹೂತ ದೊಡ್ಡ ಮಣ್ಣಿನ ಬಾನಿ ಇತ್ತು. ಊರಲ್ಲಿ ಎತ್ತೋ ಎಮ್ಮೆಯೋ ಸತ್ತರೆ ಆಳು ಬಂದು ದೂರದಿಂದ ಕೂಗುತ್ತಿದ್ದ. ಅಜ್ಜ, ಅಪ್ಪ ಹೋಗಿ ಎಳೆದುಕೊಂಡು ಬಂದು ತೊಗಲು ಸುಲಿಯುತ್ತಿದ್ದರು. ಗಂಡಸರ ಕೆಲಸ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತಿತ್ತು. ಮುಂದಿನ ಒಂದು ತಿಂಗಳ ಕೆಲಸ ಅಜ್ಜಿಯದು, ಅವ್ವನದು.

ಹಸಿ ತೊಗಲು ಬೇಸಿಗೆಯಲ್ಲಿ ಒಂದೇ ದಿನಕ್ಕೆ ಕೆಡಲು ಶುರುವಾಗುತ್ತದೆ. ಅದಕ್ಕೇ ಮೊದಲು ಒಳಮೈಗೆ ಉಪ್ಪು ತಿಕ್ಕಿ ಮಡಚಿಡುತ್ತಿದ್ದರು. ಉಪ್ಪಿನಕಾಯಿಗೆ ಉಪ್ಪು ಮಾಡುವ ಕೆಲಸವೇ ಅದು, ನೀರು ಹೀರಿ ಕೊಳೆಯದಂತೆ ತಡೆಯುವುದು. ಆಮೇಲೆ ನೀರಲ್ಲಿ ನೆನೆಸಿ ಉಪ್ಪು, ರಕ್ತ, ಮಣ್ಣು ಬಿಡಿಸಿ ಸುಣ್ಣದ ಗುಂಡಿಗೆ ಇಳಿಸುವುದು. ಸುಣ್ಣದ ತಿಳಿನೀರಲ್ಲಿ ತೊಗಲು ಎಂಟು-ಹತ್ತು ದಿನ ಇರಬೇಕು, ದಿನಾ ಒಮ್ಮೆ ಎತ್ತಿ ತಿರುವಿ ಹಾಕಬೇಕು. ಸುಣ್ಣ ಕೂದಲಿನ ಬೇರು ಸಡಿಲಿಸುತ್ತದೆ, ಕೊಬ್ಬು ಕರಗಿಸುತ್ತದೆ, ತೊಗಲು ಉಬ್ಬಿ ಎಳೆಎಳೆ ಬಿಚ್ಚಿಕೊಳ್ಳುತ್ತದೆ. ಆಗ ಮೊಂಡ ಕತ್ತಿಯಿಂದ ಕೂದಲು ಕೆರೆದು, ಮಗ್ಗುಲು ಬದಲಿಸಿ ಒಳಗಿನ ಮಾಂಸದ ಪೊರೆ ಹೆರೆಯುವುದು. ಅಜ್ಜಿಯ ಬೆರಳ ಸಂದುಗಳಲ್ಲಿ ಸುಣ್ಣ ತಿಂದ ಗಾಯಗಳು ಯಾವತ್ತೂ ಮಾಯುತ್ತಿರಲಿಲ್ಲ. ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುವಾಗ ಅವಳು ಎಡಗೈಯಲ್ಲಿ ಬಲಗೈಯನ್ನು ಊದಿಕೊಳ್ಳುತ್ತಿದ್ದಳು.

ಸುಣ್ಣ ಹೋಗುವವರೆಗೆ ತೊಳೆಯುವುದು ದೊಡ್ಡ ಕೆಲಸ. ಒಂದು ತೊಗಲಿಗೆ ಎಷ್ಟು ಕೊಡ ನೀರು ಎಂದು ನಾನು ಎಣಿಸಿದವಳಲ್ಲ, ಅವ್ವನ ತಲೆಯ ಸಿಂಬಿ ಎಣಿಸಿರಬೇಕು. ಊರ ಬಾವಿಯಂತೂ ನಮಗಿರಲಿಲ್ಲ, ಹಳ್ಳದಿಂದ ಹೊರಬೇಕು.

ಇನ್ನು ತೊಗಟೆ. ನಮ್ಮದು ಎರೆನಾಡು, ಎರೆಹೊಲದ ಬದುಗಳಲ್ಲಿ ಜಾಲಿ ಗಿಡಗಳಿಗೆ ಬರವಿಲ್ಲ. ಈಗ ಎಲ್ಲೆಡೆ ಹಬ್ಬಿರುವ ಬಳ್ಳಾರಿ ಜಾಲಿಯಲ್ಲ, ನಮ್ಮ ಹಳೆಯ ಕರಿಜಾಲಿ. ಅದರ ತೊಗಟೆಯನ್ನು ಚಕ್ಕೆ ಎಬ್ಬಿಸಿ ತಂದು, ಒಣಗಿಸಿ, ಒರಳಲ್ಲಿ ಕುಟ್ಟಿ ನೀರಿಗೆ ಹಾಕಿದರೆ ಕೆಂಪು ಕಷಾಯ ಇಳಿಯುತ್ತದೆ. ಅದರ ಜತೆಗೆ ಸಂತೆಯಿಂದ ತಂದ ಅಳಲೆಕಾಯಿ ಪುಡಿ. ಕೆಲವು ಕಡೆ ಹಳದಿ ಹೂವಿನ ತಂಗಡಿ ಗಿಡದ ತೊಗಟೆ ಬಳಸುತ್ತಿದ್ದರು. ತೆಂಕಣ ನಾಡಿನಲ್ಲಿ ಅದನ್ನೇ ಆವರಿಕೆ ಎನ್ನುತ್ತಾರೆ.

ತೊಳೆದ ತೊಗಲನ್ನು ಮೊದಲು ತೆಳ್ಳನೆಯ ತೊಗಟೆ ನೀರಲ್ಲಿ ಅದ್ದಿಡುತ್ತಿದ್ದರು. ಬಣ್ಣ ಹಿಡಿದ ಮೇಲೆ ಅದನ್ನೇ ಮಡಚಿ ನಾರಿನ ಹುರಿಯಿಂದ ಅಂಚು ಹೊಲಿದು ಚೀಲ ಮಾಡಿ, ಒಳಗೆ ತೊಗಟೆ ಪುಡಿ ತುಂಬಿ, ಕಷಾಯ ಹೊಯ್ದು ಬೇವಿನ ಕೊಂಬೆಗೆ ತೂಗುಹಾಕುತ್ತಿದ್ದರು. ತೊಗಲೇ ಪಾತ್ರೆ, ತೊಗಲೇ ಅಡುಗೆ! ಕಷಾಯ ತೊಗಲಿನ ಮೈಯಿಂದ ಜಿನುಗಿ ಕೆಳಗಿನ ಬಾನಿಗೆ ತೊಟ್ಟಿಕ್ಕುತ್ತಿತ್ತು. ಅದನ್ನೇ ಮತ್ತೆ ತುಂಬಿ ಮೇಲೆ ಹೊಯ್ಯಬೇಕು. ಹಗಲೂ ರಾತ್ರಿ. ಕೆಲ ದಿನಗಳ ಮೇಲೆ ಚೀಲ ತಲೆಕೆಳಗು ಮಾಡಿ ಕಟ್ಟಬೇಕು, ಇಲ್ಲದಿದ್ದರೆ ಕುತ್ತಿಗೆಯ ಭಾಗ ಹಸಿ ಉಳಿಯುತ್ತದೆ. ನಡುರಾತ್ರಿ ಎಚ್ಚರಾದರೆ ಹಿತ್ತಲಿಂದ 'ತಟ್... ತಟ್' ಎಂದು ಕೇಳುತ್ತಿತ್ತು. ನನ್ನ ಪಾಲಿಗೆ ಅದೇ ಗಡಿಯಾರ.

ಒಮ್ಮೆ ನಾನು ಜಾಣತನ ತೋರಿಸಲು, "ಯಮ್ಮಾ, ಮೊದಲೇ ಗಟ್ಟಿ ನೀರು ಹಾಕಿಬಿಟ್ರ ಲಗೂನ ಆಗತೈತಲ್ಲ?" ಎಂದೆ. ಅಜ್ಜಿ ನಕ್ಕಳು. "ಉರಿ ಜಾಸ್ತಿ ಇಟ್ರ ರೊಟ್ಟಿ ಏನಾಗತೈತಿ? ಮ್ಯಾಲ ಸುಟಗೊಂಡು ಒಳಗ ಹಸಿ ಉಳಿತೈತಿ. ಇದೂ ಹಂಗ. ಮೊದಲ ತೆಳ್ಳಗ, ಆಮೇಲೆ ಗಟ್ಟಿ" ಎಂದಳು. ಮುಗಿಯಿತೋ ಇಲ್ಲವೋ ನೋಡಲು ಅಂಚಿನಲ್ಲಿ ರಂಪಿಗೆಯಿಂದ ಒಂದು ಎಳೆ ಕೊಯ್ದು ಬೆಳಕಿಗೆ ಹಿಡಿಯುತ್ತಿದ್ದಳು. ಕೊಯ್ದ ಜಾಗ ಆಚೆಯಿಂದ ಈಚೆಯವರೆಗೆ ಒಂದೇ ಕಂದು ಬಣ್ಣವಿದ್ದರೆ ಹದವಾಯಿತು. ನಡುವೆ ಬಿಳಿ ಗೆರೆ ಕಂಡರೆ, "ಇನ್ನೂ ಹಸಿ ಐತಿ, ಏರಸು" ಎನ್ನುತ್ತಿದ್ದಳು. ಹದವಾದದ್ದನ್ನು ತೊಳೆದು, ನೆರಳಲ್ಲಿ ಒಣಗಿಸಿ, ಎಣ್ಣೆ ತಿಕ್ಕಿ, ಕಾಲಲ್ಲಿ ತುಳಿದು ಮೆತ್ತಗೆ ಮಾಡುವುದು ಕೊನೆಯ ಕೆಲಸ.

ಇದರಲ್ಲಿ ಏನು ನಡೆಯುತ್ತದೆ ಎಂದು ಪುಸ್ತಕ ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಎಳೆ ಬಾಳೆಕಾಯಿ ಕಚ್ಚಿದಾಗ, ಎಲೆಯಿಲ್ಲದೆ ಬರೀ ಅಡಿಕೆ ಅಗಿದಾಗ, ಸಕ್ಕರೆ ಹಾಕದ ಕರಿ ಚಹಾ ಕುಡಿದಾಗ ನಾಲಿಗೆ ಎಳೆದ ಹಾಗಾಗುತ್ತದಲ್ಲ, ಆ ಒಗರಿಗೆ ಕಾರಣ ಟ್ಯಾನಿನ್ ಎಂಬ ವಸ್ತು. ಅದು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ. ತೊಗಲು ಬಹುಪಾಲು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳಿಂದ ಆದದ್ದು. ಸುಣ್ಣ ಆ ಎಳೆಗಳನ್ನು ಬಿಡಿಸಿಡುತ್ತದೆ, ತೊಗಟೆಯ ಟ್ಯಾನಿನ್ ಒಳಹೊಕ್ಕು ಒಂದೊಂದು ಎಳೆಯನ್ನೂ ಹಿಡಿದುಕೊಳ್ಳುತ್ತದೆ. ಆಮೇಲೆ ಕೊಳೆಸುವ ಜೀವಾಣುಗಳಿಗೆ ಅದು ಆಹಾರವಲ್ಲ. ಮೊದಲೇ ಗಟ್ಟಿ ಕಷಾಯ ಹಾಕಿದರೆ ಮೇಲ್ಪದರವೇ ಬಿಗಿದುಕೊಂಡು ಒಳಗಿನ ದಾರಿ ಮುಚ್ಚಿಬಿಡುತ್ತದೆ. ಅಜ್ಜಿಯ ರೊಟ್ಟಿಯ ಲೆಕ್ಕ ರಸಾಯನಶಾಸ್ತ್ರದ ಲೆಕ್ಕವೇ ಆಗಿತ್ತು. ಅವಳು ಹೆಬ್ಬೆಟ್ಟು ಒತ್ತುತ್ತಿದ್ದವಳು.

ನಾನು ಸಮಾಜ ವಿಜ್ಞಾನ ಹೇಳಿಕೊಡುವವಳು. ಮಕ್ಕಳನ್ನು ಮಸ್ಕಿಗೆ ಕರೆದೊಯ್ದು ಅಶೋಕನ ಶಾಸನ ತೋರಿಸಿದ್ದೇನೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಅದು ಬಿತ್ತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತವಾದದ್ದು ಆ ಬಂಡೆಯಿಂದ. ಬಂಡೆ ಉಳಿಯಿತು, ಅದಕ್ಕೇ ಇತಿಹಾಸವಾಯಿತು. ತೊಗಲು ಎಷ್ಟೇ ಹದ ಮಾಡಿದರೂ ನಮ್ಮ ಬಿಸಿಲು ಮಳೆಗೆ ಸಾವಿರಾರು ವರ್ಷ ಉಳಿಯುವುದಿಲ್ಲ. ಆಲ್ಪ್ಸ್ ಪರ್ವತದ ಮಂಜಿನಲ್ಲಿ 1991ರಲ್ಲಿ ಸಿಕ್ಕ, 5300 ವರ್ಷಗಳ ಹಿಂದಿನ ಮನುಷ್ಯನ ಮೈಮೇಲೆ ತೊಗಲಿನ ಉಡುಪು ಇತ್ತು. ಅರ್ಮೇನಿಯದ ಗುಹೆಯೊಂದರಲ್ಲಿ 2008ರಲ್ಲಿ ಸಿಕ್ಕ ಒಂಟಿ ಚರ್ಮದ ಪಾದರಕ್ಷೆಗೆ ಸುಮಾರು 5500 ವರ್ಷ. ಮಂಜು, ಒಣ ಗುಹೆ ಕಾಪಾಡಿದ್ದಕ್ಕೆ ಅವು ಉಳಿದವು. ನಮ್ಮಲ್ಲಿ ಉಳಿದದ್ದು ಕಲ್ಲು, ತಾಮ್ರ, ರಾಜರ ಹೆಸರು.

ಆದರೆ ತೊಗಲಿಲ್ಲದೆ ಯಾವ ರಾಜನ ನಾಡೂ ಒಂದು ದಿನ ನಡೆಯುತ್ತಿರಲಿಲ್ಲ. ಬಾವಿಯಿಂದ ನೀರೆತ್ತುವ ಕಪಲಿಗೆ ತೊಗಲಿನ ಬಾನಿ ಬೇಕು. ನೊಗಕ್ಕೆ ಮಿಣಿ, ದನ ಹೊಡೆಯಲು ಬಾರುಕೋಲು, ಕಮ್ಮಾರನಿಗೆ ತಿದಿ, ಕುದುರೆಗೆ ಜೀನು, ಮುಳ್ಳು ಹಾದಿಗೆ ಕೆರ, ಜಾತ್ರೆಗೆ ಹಲಗೆ. ಮಳೆಗಾಲಕ್ಕೆ ಮುಂಚೆ ಇವನ್ನೆಲ್ಲ ಕೊಟ್ಟು, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯದ ಜೋಳ ಇಸಿದುಕೊಳ್ಳುವುದು ನಮ್ಮ ಮನೆಯ ಪದ್ಧತಿ. ಮೊರದಿಂದ ಸುರಿಯುವ ಜೋಳಕ್ಕೆ ಅಜ್ಜಿ ಸೆರಗೊಡ್ಡುತ್ತಿದ್ದಳು. ಜೋಳ ಮೇಲಿನಿಂದ ಬೀಳುತ್ತಿತ್ತು, ಕೈಗೆ ಕೈ ತಾಗಬಾರದು. ಅದೇ ಕೈ ಹದ ಮಾಡಿದ ಬಾನಿಯ ನೀರನ್ನು ಊರೆಲ್ಲ ಹೊಲಕ್ಕೆ ಹಾಯಿಸುತ್ತಿತ್ತು. ನೀರಿಗೆ ಮೈಲಿಗೆ ಇರಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಲೆಕ್ಕವನ್ನು ತಲೆಕೆಳಗು ಮಾಡುವ ಪ್ರಯತ್ನ ನಡೆಯಿತು. ಬಸವಣ್ಣನವರು ಮಾದಾರ ಚೆನ್ನಯ್ಯನವರನ್ನೂ, ತೊಗಲು ಹದ ಮಾಡುವ ಕಾಯಕದ ಡೋಹರ ಕಕ್ಕಯ್ಯನವರನ್ನೂ ತಂದೆಯ ಸ್ಥಾನದಲ್ಲಿಟ್ಟರು. ಕಕ್ಕಯ್ಯನವರ ಸಮಾಧಿ ಇಂದಿಗೂ ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿದೆ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟರೆಂಬ ಕತೆ ನಿಮಗೆಲ್ಲ ಗೊತ್ತು. ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರು. ಮುಂದೆ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗಾಗಿ ಬೀಗರಿಬ್ಬರೂ ಪ್ರಾಣ ತೆರಬೇಕಾಯಿತು. ಕಲ್ಯಾಣ ಕದಡಿತು.

ಈ ಕತೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗೆಲ್ಲ ಒಂದು ಮಾತು ಮನಸ್ಸಿಗೆ ಬರುತ್ತದೆ. ತೊಗಲಿನವರನ್ನು ನೆನೆಯಲು ನಮಗೆ ಅವರ ತೊಡೆಯ ಚರ್ಮವೇ ಬೇಕಾಯಿತೆ? ಕಲ್ಯಾಣಮ್ಮ ತನ್ನ ಬದುಕಿನ ಉಳಿದ ದಿನಗಳಲ್ಲೆಲ್ಲ ಕುಟ್ಟಿದ ತೊಗಟೆ, ಹೊತ್ತ ನೀರು, ಸುಣ್ಣ ತಿಂದ ಬೆರಳು ಯಾವ ಕತೆಯಲ್ಲೂ ಇಲ್ಲ. ತ್ಯಾಗವನ್ನು ಹಾಡುತ್ತೇವೆ, ದುಡಿಮೆಯನ್ನು ಕೇಳುವುದಿಲ್ಲ.

ವಾಸನೆ ಇತ್ತು, ಸುಳ್ಳು ಹೇಳುವುದಿಲ್ಲ. ಹಸಿ ತೊಗಲು, ಹಳೆಯ ಸುಣ್ಣದ ನೀರು, ನೊಣ. ಯುರೋಪಿನಲ್ಲಿಯೂ ತೊಗಲು ಮೆತ್ತಗಾಗಲು ನಾಯಿಯ, ಪಾರಿವಾಳದ ಹಿಕ್ಕೆ ಬಳಸುತ್ತಿದ್ದರು. ಆಟೋ ರೋಮ್ ಎಂಬ ಜರ್ಮನ್ ವಿಜ್ಞಾನಿ ಅದರ ಬದಲು ಶುದ್ಧ ಕಿಣ್ವ ಬಳಸುವುದನ್ನು ಕಂಡುಹಿಡಿದದ್ದು 1907ರಲ್ಲಿ. ಅಲ್ಲಿಯ ಪಟ್ಟಣಗಳಲ್ಲೂ ಹದಗಾರರನ್ನು ಹೊಳೆಯ ಕೆಳಗಿನ ದಿಕ್ಕಿಗೇ ಕಳಿಸುತ್ತಿದ್ದರು. ಆದರೆ ನಮ್ಮಲ್ಲಿ, ಹಾಗೆಯೇ ಜಪಾನಿನ ಬುರಾಕುಮಿನ್ ಜನರಲ್ಲಿ, ವಾಸನೆ ಕಸುಬಿಗಲ್ಲ, ಹುಟ್ಟಿಗೇ ಅಂಟಿತು. ಅಪ್ಪ ಕಸುಬು ಬಿಟ್ಟು ಎರಡು ವರ್ಷವಾದ ಮೇಲೂ ಶಾಲೆಯಲ್ಲಿ ಒಬ್ಬ ಹುಡುಗಿ ನನ್ನ ಪಕ್ಕ ಮೂಗು ಮುಚ್ಚಿಕೊಂಡಳು. ನಾನು ಅಂದು ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿ ಹೋಗಿದ್ದೆ.

ಕಸುಬು ಹೋದದ್ದು ಹೇಗೆ? ಒಂದೇ ದಿನದಲ್ಲಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ರಾಸು ಕಡೆಯ ತೊಗಲಿಗೆ ವಿಲಾಯತಿಯಲ್ಲಿ ದೊಡ್ಡ ಮಾರುಕಟ್ಟೆ ಹುಟ್ಟಿ, ಹಸಿ ತೊಗಲು ಹಳ್ಳಿ ಬಿಟ್ಟು ವ್ಯಾಪಾರಿಗಳ ಕೈ ಸೇರತೊಡಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನಲ್ಲಿ ಕ್ರೋಮ್ ಉಪ್ಪಿನಿಂದ ಹದ ಮಾಡುವ ಪ್ರಯೋಗ ಶುರುಮಾಡಿದರು. ತಿಂಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಆಮೇಲೆ ಬಾಟಾ ಬಂತು, ರಬ್ಬರಿನ ಹವಾಯಿ ಚಪ್ಪಲಿ ಬಂತು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ನಮ್ಮ ಸೀಮೆಗೆ ಹರಿಯಿತು, ಜೋಳದ ಹೊಲ ಭತ್ತದ ಗದ್ದೆಯಾಯಿತು. ಕಪಲಿ ಯಾರಿಗೆ ಬೇಕು? ಪಂಪಿಗೆ ರಬ್ಬರ್ ಪೈಪು, ಎತ್ತಿಗೆ ನೈಲಾನ್ ಹಗ್ಗ, ಕೊನೆಗೆ ಎತ್ತಿನ ಜಾಗಕ್ಕೇ ಟ್ರ್ಯಾಕ್ಟರ್.

ನಮ್ಮ ಮನೆಯಲ್ಲಿ ಮಾತ್ರ ಅದು ನಿಂತದ್ದು ಒಂದು ಬೆಳಿಗ್ಗೆ. ಊರ ದೊಡ್ಡವರೊಬ್ಬರ ಎತ್ತು ಸತ್ತಿತ್ತು. ಆಳು ಬಂದು ಕೂಗಿದ. ಅಪ್ಪ ಏಳಲಿಲ್ಲ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರರು ಸತ್ತ ದನದ ಮಾಂಸ ಬಿಡಿ, ಇಂಥ ಹೀನ ಚಾಕರಿ ಬಿಡಿ ಎಂದು ಕರೆಕೊಟ್ಟದ್ದು ಐವತ್ತು ವರ್ಷ ನಡೆದು ನಮ್ಮ ಕೇರಿ ಮುಟ್ಟಿತ್ತು. ಆ ವರ್ಷ ನಮಗೆ ಆಯದ ಜೋಳ ಬರಲಿಲ್ಲ. ಅಪ್ಪ ಬೀಜದ ಫಾರ್ಮಿನಲ್ಲಿ ಕೂಲಿಗೆ ಹೋದ.

ಅಜ್ಜಿಗೆ ಸಿಟ್ಟು. "ಕೆಲಸ ಹೊಲಸಲ್ಲೋ, ನಮ್ಮನ್ನ ಕರಿಯೋ ಬಾಯಿ ಹೊಲಸು" ಎಂದಳು.

ಅಪ್ಪ ಮೆಲ್ಲಗೆ, "ಅವರ ಬಾಯಿ ತೊಳಿಯೋದು ನಮ್ಮ ಕೈಯಾಗ ಇಲ್ಲವ್ವಾ, ಕೆಲಸ ಬಿಡೋದು ನಮ್ಮ ಕೈಯಾಗ ಐತಿ" ಎಂದ.

ಇಬ್ಬರ ಮಾತೂ ನನಗೆ ಇವತ್ತಿಗೂ ಸರಿಯಾಗಿಯೇ ಕಾಣುತ್ತದೆ. ಗಾಂಧೀಜಿಯವರು ಅಜ್ಜಿಯ ಕಡೆ ನಿಲ್ಲುತ್ತಿದ್ದರೇನೋ. ದಕ್ಷಿಣ ಆಫ್ರಿಕದಲ್ಲಿ ತಾವೇ ಚಪ್ಪಲಿ ಹೊಲಿದು ಜನರಲ್ ಸ್ಮಟ್ಸ್‌ಗೆ ಕೊಟ್ಟವರು, ಹಳ್ಳಿಯ ಹದಗಾರಿಕೆ ಸುಧಾರಿಸಬೇಕೆಂದು ಬರೆದವರು. ಆದರೆ ಚಪ್ಪಲಿ ಹೊಲಿದರೂ ಗಾಂಧೀಜಿ ಗಾಂಧೀಜಿಯೇ ಆಗಿ ಉಳಿಯುತ್ತಿದ್ದರು. ನನ್ನಪ್ಪನಿಗೆ ಬಿಟ್ಟರೆ ಮಾತ್ರ ಬಿಡುಗಡೆ. ಆ ಎತ್ತನ್ನು ಅಂದು ಅವನು ಎಳೆಯಲು ಹೋಗಿದ್ದರೆ ನಾನು ಬಿ.ಎಡ್. ಮಾಡುತ್ತಿರಲಿಲ್ಲ.

ಈಗ ಪಟ್ಟಣದ ಅಂಗಡಿಗಳಲ್ಲಿ 'ನೈಸರ್ಗಿಕ ಹದದ ಚರ್ಮ' ಎಂದು ಹೆಚ್ಚು ಬೆಲೆಗೆ ಮಾರುತ್ತಾರೆ. ಕ್ರೋಮಿನ ಹಾನಿ ದೊಡ್ಡದು, ನಿಜ. ತಮಿಳುನಾಡಿನ ಪಾಲಾರ್ ನದಿಯ ದಂಡೆಯ ಕಾರ್ಖಾನೆಗಳು ಹೊಲ, ಬಾವಿ ಕೆಡಿಸಿದ್ದಕ್ಕೆ ಸುಪ್ರೀಂ ಕೋರ್ಟು 1996ರಲ್ಲಿ ಕಟ್ಟುನಿಟ್ಟಿನ ತೀರ್ಪು ಕೊಡಬೇಕಾಯಿತು. ಹಾಗೆಂದು ತೊಗಟೆಯ ಹದವೆಲ್ಲ ಹೂವಿನಂಥದು ಎಂದುಕೊಳ್ಳಬೇಡಿ. ಸುತ್ತಲೂ ತೊಗಟೆ ಸುಲಿದರೆ ಗಿಡ ಒಣಗುತ್ತದೆ, ನೀರು ಬಹಳ ಬೇಕು, ಸುಣ್ಣದ ನೀರು ಹರಿದಲ್ಲಿ ಹುಲ್ಲು ಬೆಳೆಯುವುದಿಲ್ಲ. ಆ ನೀರು ಹರಿದದ್ದು ನಮ್ಮ ಹಿತ್ತಲಲ್ಲಿ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಅದರಲ್ಲಿವೆ. ಅಥಣಿ, ನಿಪ್ಪಾಣಿ ಕಡೆ ಗಂಡ ಅಟ್ಟೆ ಕೊಯ್ದರೆ ಹೆಂಡತಿ ಜಡೆಯಂತೆ ಎಳೆ ಹೆಣೆಯುತ್ತಾಳೆ. ಅವರ ಹೆಸರು ಆ ಚಪ್ಪಲಿಗೆ ಅಂಟಲಿ, ಬೆಲೆಯೂ ಅವರಿಗೇ ಸಿಗಲಿ. ಮಾಡುವವರು ಬೇಕೆಂದು ಮಾಡಲಿ, ಬೇಡವೆಂದವರು ಬಿಡಲಿ. ನನ್ನ ಆಸೆ ಅಷ್ಟೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜಿ ಅಂಚು ಕೊಯ್ದು ಬೆಳಕಿಗೆ ಹಿಡಿಯುತ್ತಿದ್ದುದು ನೆನಪಾಯಿತು. ನಾನು ಹೊರಗೆ ಬಣ್ಣ ಹಿಡಿದವಳು, ನಡುವೆ ಬಿಳಿ ಗೆರೆ ಹಾಗೇ ಇದೆ.

ಮರುದಿನ ಬುತ್ತಿ ಬಿಚ್ಚುವಾಗ ನಾನೇ ಮಾತು ತೆಗೆದೆ. "ನಿನ್ನೆ ಚಪ್ಪಲಿ ಸುದ್ದಿ ಓದಿದ್ರಲ್ಲ. ನಮ್ಮ ಅಜ್ಜಿ ಮನಿಯಾಗ ತೊಗಲು ಹದ ಮಾಡ್ತಿದ್ಲು. ನಮ್ಮದು ಮಾದಿಗರ ಮನಿ" ಎಂದೆ. ಧ್ವನಿ ನಡುಗಲಿಲ್ಲ ಎಂದರೆ ಸುಳ್ಳಾದೀತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಒಬ್ಬರು ಡಬ್ಬಿಯ ಮುಚ್ಚಳ ಸುಮ್ಮನೆ ತಿರುವುತ್ತಿದ್ದರು. ಪತ್ರಿಕೆ ಓದುವವರು ಕೊನೆಗೆ, "ವಾಸನಿ ಬರ್ತಿರಲಿಲ್ಲೇನ್ರಿ?" ಎಂದರು.

"ಬರ್ತಿತ್ರಿ" ಎಂದೆ. ಮತ್ತೆ ಎಲ್ಲ ಹೇಳಿದೆ. ಸುಣ್ಣ, ಜಾಲಿ ಚಕ್ಕೆ, ಬೇವಿನ ಗಿಡಕ್ಕೆ ತೂಗುವ ಚೀಲ, ಅಳಲೆಕಾಯಿ.

"ಅಳಲೆಕಾಯಿ ಅಂದ್ರ... ನಾವು ಕೂಸಿಗೆ ಕಲ್ಲಿನ ಮ್ಯಾಲ ತೇಯ್ದು ನೆಕ್ಕಸ್ತೀವಲ್ಲ, ಅದೇನ್ರಿ?"

"ಹೂಂ ರೀ, ಅದೇ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಡಬ್ಬಿಯನ್ನು ಈ ಕಡೆ ಸರಿಸಿ, "ತಗೋರಿ, ಶೇಂಗಾ ಹಿಂಡಿ ಐತಿ" ಎಂದರು. ನಾನು ಕೈ ಹಾಕಿ ತೆಗೆದುಕೊಂಡೆ.